ಸ್ಲ್ಯಾಬ್ ಹಾಕಿದ ದಿನವೇ ಬೀಳುವ ಬಿರುಕು: ತಡೆಯುವುದು ಹೇಗೆ?

ಬೆಳಿಗ್ಗೆ ಹಾಕಿದ ಸ್ಲ್ಯಾಬಿನ ಮೇಲೆ ಮಧ್ಯಾಹ್ನದೊಳಗೆ ಓರೆ ಗೆರೆಗಳು ಕಂಡರೆ ಎಲ್ಲರೂ ಸಿಮೆಂಟನ್ನು ದೂರುತ್ತಾರೆ. ಬಹುಪಾಲು ತಪ್ಪು ಗಾಳಿಯದು. ಕಾಂಕ್ರೀಟಿನೊಳಗಿಂದ ನೀರು ಮೇಲೇಳುವುದಕ್ಕಿಂತ ಬೇಗ ಮೇಲ್ಮೈ ಆರಿದರೆ ಮೇಲ್ಪದರ ಕುಗ್ಗುತ್ತದೆ, ಬಲ ಬಂದಿರದ ಕಾರಣ ಸೀಳುತ್ತದೆ. ಚದರ ಮೀಟರಿಗೆ ಗಂಟೆಗೆ 1 ಕೆ.ಜಿ. ನೀರು ಆರಿದರೆ ಅಪಾಯ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿನಲ್ಲಿ ನೀರು ಕಡಿಮೆ ಏಳುತ್ತದೆ, ಗಟ್ಟಿಯಾಗುವುದೂ ನಿಧಾನ. ಅದಕ್ಕೆ ಅರ್ಧ ಕೆ.ಜಿ.ಗೇ ಎಚ್ಚರ ಬೇಕು.

ಕಾರವಾರ, ಕುಮಟಾದ ಹವೆ ತೇವದ್ದು, ನಿಜ. ಆದರೆ ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಗಂಟೆಗೆ 16 ಕಿ.ಮೀ. ಗಾಳಿಗೆ ನೀರು ಆರುವುದು ನಾಲ್ಕೈದು ಪಟ್ಟಾಗುತ್ತದೆ. ಶಿರಸಿ ಕಡೆ ಚಳಿಗಾಲದ ಒಣಗಾಳಿಯೂ ಅಷ್ಟೇ ಕೆಟ್ಟದ್ದು, ಬಿಸಿಲು ಸುಡದಿದ್ದರೂ.

ಹಿಂದಿನ ದಿನವೇ ಗಾಳಿ ಬರುವ ಬದಿಗೆ ಶೇಡ್‌ನೆಟ್ ಕಟ್ಟಿ, ಪ್ಲಾಸ್ಟಿಕ್ ಹಾಳೆ ತಂದಿಡಿ. ಜಲ್ಲಿ ರಾಶಿಗೆ ನೀರು ಹೊಡೆದು ತಂಪಾಗಿಸಿ, ಸೆಂಟ್ರಿಂಗ್ ಹಲಗೆಗಳನ್ನೂ ನೆನೆಸಿ. ನೀರು ಮಾತ್ರ ನಿಂತಿರಬಾರದು. ಕರಾವಳಿಯ ಮನೆಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಎಂ30 ದರ್ಜೆಯ ಕಾಂಕ್ರೀಟ್, ನೀರು-ಸಿಮೆಂಟ್ ಅನುಪಾತ 0.45: ಅಂದರೆ 50 ಕೆ.ಜಿ. ಚೀಲಕ್ಕೆ ಒಟ್ಟು 22.5 ಲೀಟರ್. ಒದ್ದೆ ಮರಳಿನ ನೀರೂ ಇದರೊಳಗೇ ಸೇರಬೇಕು, 100 ಕೆ.ಜಿ. ಮರಳಿನಲ್ಲಿ ಶೇ. 5 ತೇವವಿದ್ದರೆ ಸುಮಾರು 5 ಲೀಟರ್ ಆಗಲೇ ಬಂದಿರುತ್ತದೆ. ಕಾಂಕ್ರೀಟ್ ಸಲೀಸಾಗಿ ಹರಿಯದಿದ್ದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಸಡಿಲಗೊಳಿಸುವ ರಾಸಾಯನಿಕ) ಹಾಕಿಸಿ, ನೀರು ಸುರಿಯಲು ಕೊಡಪಾನ ಎತ್ತಬೇಡಿ. ಘನ ಮೀಟರಿಗೆ 0.9 ಕೆ.ಜಿ. ಪಾಲಿಪ್ರೊಪಿಲೀನ್ ನಾರು ಸೇರಿಸಿದರೆ ಈ ಬಿರುಕುಗಳು ಚೆನ್ನಾಗಿ ಕಡಿಮೆಯಾಗುತ್ತವೆ.

ಮುಖ್ಯ ಹೊತ್ತು ಇದು: ಮಟ್ಟ ಮಾಡಿದ ಮೇಲೆ ಮೇಲ್ಮೈಯ ನೀರಿನ ಹೊಳಪು ಹೋಗುತ್ತಿದ್ದಂತೆ ಹಾಳೆ ಮುಚ್ಚಿ, ಅಂಚಿಗೆ ಭಾರ ಇಡಿ. ಕರಣೆ ಕೆಲಸಕ್ಕೆ ಬೇಕಾದಷ್ಟೇ ಸರಿಸಿ, ಮತ್ತೆ ಮುಚ್ಚಿ. ಊಟ ಮುಗಿಸಿ ಬಂದು ಮುಚ್ಚುತ್ತೇವೆ ಅನ್ನುವ ಆ ಒಂದು ಗಂಟೆಯಲ್ಲೇ ಸ್ಲ್ಯಾಬ್ ಸೀಳುವುದು. ಒಣಗಿತೆಂದು ಮೇಲೆ ನೀರು ಚಿಮುಕಿಸಿ ಉಜ್ಜಿದರೆ ಮೇಲ್ಪದರ ಪುಡಿಯಾಗುತ್ತದೆ. ಒಣ ಸಿಮೆಂಟ್ ಉದುರಿಸಿದರೆ ಇನ್ನಷ್ಟು ಬಿರಿಯುತ್ತದೆ.

ಬಿರುಕು ಸರಳಿನ ನೇರಕ್ಕೇ ಬಿದ್ದಿದ್ದರೆ ಅದು ಬೇರೆ: ಕಾಂಕ್ರೀಟ್ ಕೆಳಗೆ ಕೂತಿದೆ, ಸರಳು ತಡೆದಿದೆ. ಸರಳಿನ ಕೆಳಗಿಡುವ ಕವರ್ ಬ್ಲಾಕ್ (ಬಿಲ್ಲೆ) ಸರಿ ಇಡಿ, ಇನ್ನೂ ಮೆತ್ತಗಿದ್ದರೆ ವೈಬ್ರೇಟರ್ ಮತ್ತೆ ಕೊಡಿ.

ಗಟ್ಟಿಯಾದ ಮೇಲೆ, ಮರುದಿನ ಬೆಳಿಗ್ಗೆ, ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಪಿಸಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14. ಸಮುದ್ರದ ನೀರು, ಉಪ್ಪಾದ ಬಾವಿ ನೀರು ಬೇಡ.

ಬಿರುಕು ಉಳಿದರೆ ಸಿಮೆಂಟ್ ಹಾಲು ಬಳಿದು ಮರೆಮಾಚಬೇಡಿ. ಅದರೊಳಗೆ ಇಳಿಯುವ ಉಪ್ಪು ಸರಳನ್ನು ತಿನ್ನುತ್ತದೆ. ಒಣಗಿಸಿ, ಧೂಳು ಊದಿ, ತೆಳು ಎಪಾಕ್ಸಿ (ರಾಳದ ಅಂಟು) ತುಂಬಿಸಿ.