ಪೆಟ್ ಹಾಳೆಯ ಮೇಲೆ ಕಪ್ಪಾ-ಕ್ಲೋರೈಡ್: ನನ್ನ ಅನುಭವ

ಸುಮಾರು 300 ಬಾರ್ ಒತ್ತಡ ಕೊಟ್ಟು ತಣಿಸಿದರೆ ಕಪ್ಪಾ-ಕ್ಲೋರೈಡ್ ಎಂಬ ಸಾವಯವ ಹರಳು ವಿದ್ಯುತ್ ಹರಿಯದ ಅವಾಹಕ ಸ್ಥಿತಿಯನ್ನು ಬಿಟ್ಟು ರೋಧವಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕವಾಗುತ್ತದೆ ಎಂಬುದು 1990ರಿಂದ ತಿಳಿದ ವಿಷಯ; ಆದರೆ ಒತ್ತಡದ ಕೋಶದೊಳಗೆ ಟ್ರಾನ್ಸಿಸ್ಟರ್ ಕಟ್ಟಿ ಯಾರಿಗೂ ಪ್ರಯೋಜನವಿಲ್ಲ. ಹರಳನ್ನು ಬಾಗುವ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಹಾಳೆಗೆ ಅಂಟಿಸಿ ಈ ದಾಟುವಿಕೆಯನ್ನು ಹಿಡಿತಕ್ಕೆ ತರುತ್ತೇನೆಂದಾಗ ನಮ್ಮ ಗುಂಪಿನಲ್ಲೇ ನಕ್ಕವರಿದ್ದರು. ಜಪಾನಿನಲ್ಲಿ ಇದು ಆಗಿದ್ದರೂ ಹರಳನ್ನು ಅತಿ ತಣ್ಣಗಾಗಿಸುವ ನಮ್ಮ ಹಳೆಯ ಕ್ರಯೋಸ್ಟಾಟ್‌ನಲ್ಲಿ ಆಗದು ಎಂಬುದು ಅವರ ವಾದವಾಗಿತ್ತು.

ಸಿಲಿಕಾನ್ ಮೇಲೆ ಕೂರಿಸಿದ ಹರಳುಗಳೆಲ್ಲ ಕೈಕೊಟ್ಟವು. ತಣಿಸುವಾಗ ಹರಳು ಕುಗ್ಗಲು ಹೊರಟರೂ ಸಿಲಿಕಾನ್ ಬಹುತೇಕ ಕುಗ್ಗುವುದಿಲ್ಲವಾದ್ದರಿಂದ, ತಾನಾಗಿಯೇ 11.6 ಕೆಲ್ವಿನ್‌ನ ಆಸುಪಾಸಿನಲ್ಲಿ ಅತಿವಾಹಕವಾಗುವ ಕಪ್ಪಾ-ಬ್ರೋಮೈಡ್ ಎಂಬ ಸೋದರ ಹರಳು ಕೂಡ ಅಲ್ಲಿ ಹಿಗ್ಗಿದಂತೆ ಎಳೆಯಲ್ಪಟ್ಟು ಅವಾಹಕವಾಗಿ ನಿಂತಿತು. ಸಿಲಿಕಾನ್ ಬದಲಿಗೆ ತರಿಸಿದ, ನಿಯೋಬಿಯಂ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್ ಬಿಲ್ಲೆಗಳ ಒಂದೇ ಖರೀದಿಗೆ ವರ್ಷದ ಚಿಲ್ಲರೆ ಖರ್ಚಿನ ಅರ್ಧದಷ್ಟು ಕರಗಿತು. ಕೊನೆಗೆ ಗೆದ್ದದ್ದು ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಪೆಟ್ ಹಾಳೆ, ಅದೇ ಸ್ಟೇಷನರಿ ಅಂಗಡಿಯ ಓಎಚ್‌ಪಿ ಶೀಟ್! ಇಂಕ್‌ಜೆಟ್‌ಗೆಂದು ಲೇಪ ಹಚ್ಚಿದ ಹಾಳೆ ಮಾತ್ರ ಬೇಡ, ಅದರ ಮೇಲೆ ಹರಳು ನಿಲ್ಲುವುದಿಲ್ಲ.

ಎಂಟು ಮೈಕ್ರೊಆಂಪಿಯರ್‌ನಷ್ಟು ವಿದ್ಯುತ್ ಪ್ರವಾಹ ಹರಿಸಿ ದ್ರಾವಣದಲ್ಲಿ ಹರಳನ್ನು ಒಂದು ರಾತ್ರಿ ಬೆಳೆಸಿದರೆ ಸಾಕು. ಆಸೆಪಟ್ಟು ಮುಂದುವರಿಸಿದರೆ ದಪ್ಪ ಬಂದು ಬಾಗಿಸಿದೊಡನೆ ಸಿಡಿಯುತ್ತದೆ. ತೆಳು ಹರಳನ್ನು ಆಲ್ಕೋಹಾಲ್ ಹನಿಯೊಡನೆ ಪಿಪೆಟ್‌ನಲ್ಲಿ ಎತ್ತಿ ಹಾಳೆಯ ಮೇಲೆ ಬಿಟ್ಟರೆ, ಹನಿ ಆರುತ್ತಾ ಅಂಚಿನ ಸುಕ್ಕು ಬಿಡಿಸಿಕೊಂಡು ಅದು ತಾನೇ ಅಂಟಿಕೊಳ್ಳುತ್ತದೆ. ಆಲ್ಕೋಹಾಲ್‌ಗೆ ನಾನು ಬೆರೆಸುವ ಇನ್ನೊಂದು ದ್ರವದ ಹೆಸರನ್ನು ಸದ್ಯಕ್ಕೆ ಹೇಳಲಾರೆ.

ತಣಿಸುವಾಗ 80ರಿಂದ 70 ಕೆಲ್ವಿನ್‌ವರೆಗೆ ಆತುರ ಸಲ್ಲದು, ಹರಳಿನ ಅಣುಗಳ ಎಥಿಲೀನ್ ತುದಿಗಳು ಅಲುಗದೆ ಹೆಪ್ಪುಗಟ್ಟುವುದು ಅಲ್ಲಿಯೇ. ತಣಿಸಲು ಬಳಸುವ ಹೀಲಿಯಂ ಉಳಿಸಲೆಂದು ಈ ಹಂತವನ್ನು ಬೇಗ ಮುಗಿಸಿದಾಗಲೆಲ್ಲ ಅತಿವಾಹಕತೆ ಮಸುಕಾಯಿತು, ಹೀಲಿಯಂ ಖರ್ಚೂ ದಂಡವಾಯಿತು. ನಿಧಾನಕ್ಕೆ ಇಳಿಸಿದ ಹರಳಿನಲ್ಲಿ 12 ಕೆಲ್ವಿನ್ ಹತ್ತಿರ ರೋಧ ಕುಸಿಯಿತು. ಹಾಳೆಯನ್ನು ಹಿಂಬದಿಯಿಂದ ತಳ್ಳಿ ಹರಳನ್ನು ಅರ್ಧ ಶೇಕಡಾಕ್ಕಿಂತ ಕಡಿಮೆ ಹಿಗ್ಗಿಸಿದರೆ ರೋಧ ಹಲವು ಸಾವಿರ ಪಟ್ಟು ಏರುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ. ನಕ್ಕವರೇ ಈಗ ಹರಳು ಕೇಳಿಕೊಂಡು ಬರುತ್ತಾರೆ.

2015ರಲ್ಲಿ ಜಪಾನಿನ ಒಕಾಝಾಕಿಯ ತಂಡ, ಬೆಳಕು ಬಿದ್ದಾಗ ಬಣ್ಣ ಬದಲಿಸುವ ಸ್ಪೈರೊಪೈರಾನ್ ಪದರದ ನೆರವಿನಿಂದ ಬೆಳಕಿನಿಂದಲೇ ಅತಿವಾಹಕತೆ ತೋರಿಸಿತ್ತು. ಅದನ್ನೂ ಪರೀಕ್ಷಿಸಿದೆ, ಪದರದ ಬಣ್ಣ ಬದಲಾಯಿತು, ರೋಧ ಅಲುಗಲಿಲ್ಲ. ಟ್ರಾನ್ಸಿಸ್ಟರಿನಲ್ಲಿ ಪ್ರವಾಹವನ್ನು ನಿಯಂತ್ರಿಸುವ ಗೇಟ್‌ನ ಅಲ್ಯುಮಿನಾ ಪದರ ಬಾಗಿದಾಗ ವಿದ್ಯುತ್ ಸೋರುವುದು ಇನ್ನೂ ನಿಂತಿಲ್ಲವಾದ್ದರಿಂದ ಹತ್ತರಲ್ಲಿ ಐದಾರು ಸಾಧನಗಳಷ್ಟೇ ಪೂರ್ಣ ಅಳತೆಗೆ ಸಿಗುತ್ತಿವೆ.