ಬೋರ್‌ವೆಲ್ ನೀರಿನ ಊರಲ್ಲಿ ಆರ್ಕಿಡ್: ಶಿಡ್ಲಘಟ್ಟದಿಂದ ನನ್ನ ಅನುಭವ

ಹೋದ ದಸರಾ ಹೊತ್ತಿಗೆ ನಮ್ಮ ಮನೆ ಹಿಂದಿನ ಶೇಡ್‌ನೆಟ್ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಡೆಂಡ್ರೋಬಿಯಂ ಆರ್ಕಿಡ್ ಕುಂಡಗಳು ಒಟ್ಟಿಗೆ ಹೂ ಬಿಟ್ಟಿದ್ದವು. ಈ ಕಡೆ ಆರ್ಕಿಡ್ ಬರೋದೇ ಇಲ್ಲ ಅಂದಿದ್ದವರನ್ನೆಲ್ಲ ಕರೆದು ತೋರಿಸಿದೆ. ಅಂದವರಲ್ಲಿ ನೆಂಟರಿದ್ದರು, ನರ್ಸರಿಯವರಿದ್ದರು, ತೋಟಗಾರಿಕೆ ಓದಿದ ಹುಡುಗರೂ ಇದ್ದರು. ಎಲ್ಲರ ಮಾತೂ ಒಂದೇ: ಇದು ಮಲೆನಾಡಿನ ಗಿಡ, ನಮ್ಮ ಬಿಸಿಲಿಗೆ, ಒಣ ಗಾಳಿಗೆ ನಿಲ್ಲಲ್ಲ. ನಾನು ಕಂಡುಕೊಂಡಿದ್ದು ಬೇರೆ. ಇಲ್ಲಿ ಗಿಡ ಸಾಯಿಸೋದು ಬಿಸಿಲಿಗಿಂತ ಹೆಚ್ಚಾಗಿ ನೀರು.

ಅದು ಗೊತ್ತಾಗುವಷ್ಟರಲ್ಲಿ ಹನ್ನೆರಡು ಹದಿಮೂರು ಸಾವಿರ ರೂಪಾಯಿ ಹೋಗಿತ್ತು. ಬೆಂಗಳೂರಿಂದ ತಂದ ಫೆಲನಾಪ್ಸಿಸ್ ಅನ್ನೋ ಆರ್ಕಿಡ್ ಒಂದೊಂದಕ್ಕೂ ಆರೇಳು ನೂರು. ಎರಡು ತಿಂಗಳು ಚೆನ್ನಾಗಿ ಹೂ ಇರುತ್ತಿತ್ತು, ಆಮೇಲೆ ಎಲೆ ಸೋತು ಜೋತುಬಿದ್ದು, ಬುಡದಲ್ಲಿ ಬೇರೇ ಇರುತ್ತಿರಲಿಲ್ಲ. ಆನ್‌ಲೈನಲ್ಲಿ ತರಿಸಿದ ವಾಂಡಾ ಆರ್ಕಿಡ್‌ಗಳು ಡಬ್ಬಿ ಬಿಚ್ಚಿದಾಗಲೇ ಬೇರು ಒಣಗಿ ದಾರದ ಹಾಗೆ ಇದ್ದವು. ಮಾರಿದವರು ಫೋನ್ ಎತ್ತಲಿಲ್ಲ. ಹಳಬರನ್ನು ಕೇಳಿದರೆ ಗಾಳಿಯಲ್ಲಿ ತೇವ ಸಾಲದು, ಮಂಜಿನ ಹಾಗೆ ನೀರು ಎರಚೋ ಫಾಗರ್ ಹಾಕಿ ಅಂದರು. ಡ್ರಿಪ್ ಅಂಗಡಿಯಿಂದ ಪೈಪು, ನಾಜಲ್, ಸಣ್ಣ ಮೋಟರ್ ತಂದಿದ್ದಕ್ಕೆ ಇನ್ನೊಂದು ನಾಲ್ಕು ಸಾವಿರ. ತಿಂಗಳೊಳಗೆ ನಾಜಲ್ ಎಲ್ಲಾ ಕಟ್ಟಿಕೊಂಡವು, ಎಲೆ ಮೇಲೆಲ್ಲ ಬಿಳಿ ಚುಕ್ಕೆ. ಉಗುರಿಂದ ಕೆರೆದರೆ ಸುಣ್ಣದ ಪುಡಿ ಉದುರಿತು.

ಮುನ್ನೂರು ರೂಪಾಯಿ ಕೊಟ್ಟು, ನೀರಲ್ಲಿ ಕರಗಿರೋ ಉಪ್ಪಿನಂಶವನ್ನು ಪಿಪಿಎಂ ಲೆಕ್ಕದಲ್ಲಿ ತೋರಿಸೋ ಟಿಡಿಎಸ್ ಮೀಟರ್ ತಂದೆ. ನಮ್ಮ ಬೋರ್ ನೀರು ಸಾವಿರದ ನೂರರ ಮೇಲೆ ತೋರಿಸಿತು. ಬೀದಿ ಕೊನೆಯ ಶುದ್ಧ ನೀರಿನ ಘಟಕದ್ದು ಐವತ್ತು ಅರವತ್ತು. ಮಳೆ ನೀರು ಇಪ್ಪತ್ತರ ಆಸುಪಾಸು. ಆರ್ಕಿಡ್‌ಗೆ ಇನ್ನೂರರ ಒಳಗಿದ್ದರೆ ಒಳ್ಳೆಯದು. ಇದ್ದಿಲು, ಹೆಂಚಿನ ಚೂರಿನ ಕುಂಡದಲ್ಲಿ ಉಪ್ಪನ್ನು ಹಿಡಿದಿಟ್ಟುಕೊಳ್ಳೋಕೆ ಮಣ್ಣಿಲ್ಲ, ಅದು ನೇರವಾಗಿ ಬೇರಿನ ಮೇಲೇ ಕೂರುತ್ತೆ. ಬೇರಿನ ತುದಿ ನೋಡಿದರೆ ಸಾಕು. ಬೆಳೆಯೋ ಬೇರಿಗೆ ತುದಿಯಲ್ಲಿ ಅರ್ಧ ಬೆರಳಷ್ಟು ಹಸಿರು ಅಥವಾ ನೇರಳೆ ಮೊನೆ ಇರುತ್ತೆ, ಒದ್ದೆ ಇಲ್ಲದಿದ್ದರೂ ಹೊಳೆಯುತ್ತೆ. ಬೋರ್ ನೀರು ಕುಡಿದ ಬೇರಿನ ಮೊನೆ ಕಂದಾಗಿ, ಮೊಂಡಾಗಿ, ಸುತ್ತಲೂ ಬಿಳಿ ಉಂಗುರ ಕಟ್ಟಿರುತ್ತೆ. ಮಳೆ ನೀರಿಗೆ ಬದಲಾಯಿಸಿದ ಮೇಲೆ ಅದೇ ಮೊಂಡು ಬೇರಿನ ಪಕ್ಕದಿಂದ ಹೊಸ ಕವಲು ಒಡೆಯಿತು.

ಲೆಕ್ಕ ಸುಲಭ. ಒಂದು ಚದರ, ಅಂದರೆ ನೂರು ಚದರಡಿ, ತಾರಸಿ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 90 ಲೀಟರ್ ನೀರು. ಸಾವಿರ ಲೀಟರಿನ ಹಳೇ ಸಿಂಟೆಕ್ಸ್ ಎರಡು ಕೊಂಡೆ, ಎರಡಕ್ಕೂ ಸೇರಿ ಐದು ಸಾವಿರ ಚಿಲ್ಲರೆ. ಮೊದಲ ಮಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿ ತುಂಬಿಸುತ್ತೇನೆ. ಮುಂಗಾರಿನಲ್ಲಿ ತುಂಬಿದ್ದು ಖರ್ಚಾದರೂ ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಮತ್ತೆ ತುಂಬುತ್ತೆ. ಅರವತ್ತು ಕುಂಡಕ್ಕೆ ದಿನಕ್ಕೆ ಹದಿನೈದು ಲೀಟರ್ ಹಿಡಿದರೆ ನಾಲ್ಕು ತಿಂಗಳ ಮೇಲೆ ಬರುತ್ತೆ, ಚಳಿಗಾಲದಲ್ಲಿ ನೀರು ಕಡಿಮೆ ಹಾಕೋದರಿಂದ ಬೇಸಿಗೆಗೂ ಎಳೆದುಕೊಂಡು ಹೋಗುತ್ತೆ. ಸಾಲದೆ ಬಂದಾಗ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ಒಂದು ಕ್ಯಾನ್ ಹಿಡಿಯೋದು. ಗಿಡಕ್ಕೆ ಕುಡಿಯೋ ನೀರಾ ಅಂತ ಅಲ್ಲಿ ನಿಂತವರು ಕೇಳುತ್ತಾರೆ. ಕೇಳಲಿ.

ತೇವದ ವಿಷಯಕ್ಕೆ ಉತ್ತರ ನಮ್ಮ ಹುಳದ ಮನೆಯಲ್ಲೇ ಇತ್ತು. ರೇಷ್ಮೆ ಹುಳ ಸಾಕಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಹೊಡೆಯುತ್ತೇವೆ, ಗೋಡೆಗೆ ತೇವ ನೋಡೋ ಥರ್ಮಾಮೀಟರ್ ನೇತುಹಾಕುತ್ತೇವೆ. ಅದನ್ನೇ ಶೇಡ್‌ನೆಟ್‌ಗೆ ತಂದೆ. ಪಡುವಣ ಗಾಳಿ ಬರೋ ಕಡೆ ಗೋಣಿ, ಕೆಳಗೆ ಮರಳು ಹಾಸು. ಇದಕ್ಕೆ ಬೋರ್ ನೀರೇ ಸಾಕು. ಫಾಗರ್ ಉಪ್ಪನ್ನೂ ಸೇರಿಸಿ ಎಲೆ ಮೇಲೆ ಎರಚುತ್ತೆ, ಗೋಣಿಯಿಂದ ಹೋಗೋದು ಬರೀ ಆವಿ, ಉಪ್ಪು ಗೋಣಿಯಲ್ಲೇ ಉಳಿಯುತ್ತೆ. ವರ್ಷಕ್ಕೊಮ್ಮೆ ಗೋಣಿ ಗಟ್ಟಿಯಾದಾಗ ಬದಲಾಯಿಸಿದರೆ ಮುಗಿಯಿತು. ಮಾರ್ಚ್ ಬಂದ ಕೂಡಲೇ ಐವತ್ತು ಪರ್ಸೆಂಟ್ ನೆಟ್ ಮೇಲೆ ಇನ್ನೊಂದು ಪದರ ಎಳೆಯುತ್ತೇನೆ.

ಗಿಡಗಳ ಆಯ್ಕೆಗೆ ಬಂದರೆ, ನಮ್ಮ ಕಡೆಗೆ ಮೊದಲ ಸ್ಥಾನ ಡೆಂಡ್ರೋಬಿಯಂಗೆ, ಅದರಲ್ಲೂ ಸೋನಿಯಾ ತಳಿಗೆ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತೆ, ಎರಡು ದಿನ ಮರೆತರೂ ತಡೆದುಕೊಳ್ಳುತ್ತೆ. ಕುಂಡ ಚಿಕ್ಕದಿರಬೇಕು. ಕುಂಬಾರರಿಗೆ ಹೇಳಿ ಪಕ್ಕಕ್ಕೆಲ್ಲ ತೂತಿರೋ ಮಣ್ಣಿನ ಕುಂಡ ಮಾಡಿಸಿದೆ, ನಲವತ್ತು ರೂಪಾಯಿ ಬಿತ್ತು. ಒಳಗೆ ಮರದ ಇದ್ದಿಲು, ಹೆಂಚಿನ ಚೂರು. ತೆಂಗಿನ ಮಟ್ಟೆ ತುಂಡು ಹಾಕೋರು ನಾಲ್ಕೈದು ನೀರಲ್ಲಿ ನೆನೆಸಿ ತೊಳೆದೇ ಹಾಕಬೇಕು, ಅದರಲ್ಲೂ ಉಪ್ಪಿದೆ. ಡಿಸೆಂಬರ್ ಜನವರಿಯಲ್ಲಿ ನಮ್ಮಲ್ಲಿ ರಾತ್ರಿ ಹದಿಮೂರು ಹದಿನಾಲ್ಕು ಡಿಗ್ರಿಗೆ ಇಳಿದಾಗ ನೀರು ವಾರಕ್ಕೊಮ್ಮೆ ಮಾತ್ರ. ಆಗ ಎಲೆ ಉದುರಿದರೆ ಗಾಬರಿ ಬೇಡ, ಕಾಂಡ ಹಸಿರಾಗಿದ್ದರೆ ಬದುಕಿದೆ. ಹಳೇ ಕಾಂಡದ ಗೆಣ್ಣಿನಲ್ಲಿ ಮರಿ ಬಂದರೆ ಮೂರು ಬೇರು ಬಿಡೋ ತನಕ ಕೀಳಬೇಡಿ. ಹಾಗೆ ಎಬ್ಬಿಸಿದ ಮರಿಗಳನ್ನು ನೂರೈವತ್ತರಂತೆ ಮಾರಿ ಸಿಂಟೆಕ್ಸ್ ಕಾಸು ವಾಪಸ್ ತೆಗೆದಿದ್ದೇನೆ.

ಬಿಸಿಲು ಜಾಸ್ತಿ ಇರೋ ತಾರಸಿಗೆ ಎಪಿಡೆಂಡ್ರಂ. ಇದರಷ್ಟು ಗಟ್ಟಿ ಗಿಡ ನಾನು ಕಂಡಿಲ್ಲ. ಮಣ್ಣಲ್ಲೇ ಬೆಳೆಸಬೇಕು ಅನ್ನೋರಿಗೆ ಸ್ಪಾಥೋಗ್ಲಾಟಿಸ್, ಕೆಮ್ಮಣ್ಣು, ಮರಳು, ಎಲೆಗೊಬ್ಬರ ಸಾಕು. ಫೆಲನಾಪ್ಸಿಸ್ ಈಗ ಮನೆಯೊಳಗೆ ಮೂಡಲ ಕಿಟಕಿಯಲ್ಲಿದೆ. ದೀಪಾವಳಿ ಆದ ಮೇಲೆ ನಮ್ಮ ರಾತ್ರಿ ತಂಪಿಗೆ ತಾನಾಗೇ ಹೂಕಡ್ಡಿ ತೆಗೆಯುತ್ತೆ, ಸೆಕೆ ಇಳಿಯದ ಕರಾವಳಿಯವರಿಗಿಂತ ಇದರಲ್ಲಿ ನಾವೇ ಮುಂದು. ಆಂಕಿಡಿಯಂ ನಾನು ಕೈಬಿಟ್ಟೆ, ಬೇರು ತೆಳು, ಉಪ್ಪಿಗೆ ಎಲ್ಲಕ್ಕಿಂತ ಮೊದಲು ಸೋಲುತ್ತೆ.

ವಾಂಡಾ ಟೆಸೆಲೇಟಾ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಇದು ಬಯಲುಸೀಮೆ ಮರಗಳ ಮೇಲೂ ತಾನಾಗಿ ಬೆಳೆಯೋ ನಮ್ಮದೇ ದೇಶದ ಗಿಡ, ಒಣ ಹವೆ ಇದಕ್ಕೆ ಹೊಸದಲ್ಲ. ಕಾಡಿಂದ ಕಿತ್ತು ತರಬೇಡಿ, ಅದು ಅಪರಾಧ, ಮೇಲಾಗಿ ಕಿತ್ತ ಗಿಡ ಉಳಿಯೋದೂ ಕಡಿಮೆ. ನರ್ಸರಿ ಸಸಿ ತಂದು, ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟೆ ಚಂದ್ರಿಕೆಗೆ ಕಟ್ಟಿದೆ. ಈಗ ಬಹಳ ಜನ ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆಗೆ ಹೋಗಿರೋದರಿಂದ ಹಳೇ ಚಂದ್ರಿಕೆ ಅಟ್ಟದ ಮೇಲೆ ಧೂಳು ತಿನ್ನುತ್ತಾ ಇರುತ್ತೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಿಸಿನೀರಲ್ಲಿ ತೊಳೆದು ಗೋಡೆಗೆ ಒರಗಿಸಿ, ಬಿದಿರಿನ ಸುತ್ತಿಗೆ ಹತ್ತಿ ದಾರದಿಂದ ಗಿಡ ಕಟ್ಟಿದರೆ ಬೇರು ಸುತ್ತನ್ನೇ ಹಿಡಿದುಕೊಂಡು ಹರಿಯುತ್ತೆ. ಬೆಳಿಗ್ಗೆ ನೀರು ಹಾಕಿದಾಗ ಬೂದು ಬೇರೆಲ್ಲ ಹಸಿರಾಗುತ್ತೆ, ಹಸಿರಾಗದೆ ಬೂದಾಗೇ ಉಳಿದಿದ್ದು ಸತ್ತ ಬೇರು.

ಔಷಧಿ ಹೊಡೆಯೋ ಮಾತೇ ಇಲ್ಲ. ಪಕ್ಕದಲ್ಲೇ ಹಿಪ್ಪುನೇರಳೆ ತೋಟ. "ಸೊಪ್ಪಿನ ಮೇಲೆ ಒಂದು ಹನಿ ಬಿದ್ರೂ ಹುಳ ಹೋಗ್ತವೆ ಅಣ್ಣಾ" ಅಂತ ಪಕ್ಕದವನು ಮೊದಲೇ ಹೇಳಿದ್ದ. ಬೇವಿನೆಣ್ಣೆಯೂ ಹುಳಕ್ಕೆ ಆಗಲ್ಲ. ಹಿಟ್ಟು ತಿಗಣೆ, ಶಲ್ಕ ಕೀಟ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸೋದು. ಏಪ್ರಿಲ್‌ನ ನುಸಿಗೆ ಎಲೆ ಅಡಿಗೆ ಜೋರಾಗಿ ನೀರು ಹೊಡೆಯೋದು. ಅರವತ್ತು ಕುಂಡಕ್ಕೆ ಇದು ಆಗೋ ಕೆಲಸವೇ.

ಹುಳದ ಹಿಕ್ಕೆ ನೆನೆಸಿದ ನೀರನ್ನೂ ಒಂದು ಸಾಲಿಗೆ ಕೊಟ್ಟು ನೋಡಿದೆ. ಸ್ಪಾಥೋಗ್ಲಾಟಿಸ್ ಎಲೆ ಕಡು ಹಸಿರಾಗಿ ಎದ್ದಿತು, ಇದ್ದಿಲಿನ ಕುಂಡಗಳಲ್ಲಿ ಮಾತ್ರ ಪಾಚಿ ಕಟ್ಟಿ ವಾಸನೆ ಬಂತು. ಹಾಗಾಗಿ ಡೆಂಡ್ರೋಬಿಯಂಗೆ ನೀರಲ್ಲಿ ಕರಗೋ 19:19:19 ಗೊಬ್ಬರ, ಲೀಟರಿಗೆ ಅರ್ಧ ಗ್ರಾಂ ವಾರಕ್ಕೊಮ್ಮೆ. ಮಳೆ ನೀರಲ್ಲಿ ಸುಣ್ಣದ ಅಂಶ ಇಲ್ಲದ್ದರಿಂದ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಬೇರೆಯಾಗಿ ಕೊಡುತ್ತೇನೆ. ಆಗಸ್ಟ್ ಕೊನೆಗೆ ಹೂಕಡ್ಡಿ ಒಟ್ಟಿಗೆ ಬರಲಿ ಅಂತ ನಾನು ಮಾಡೋದು ಇನ್ನೊಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊಸದಾಗಿ ಶುರು ಮಾಡೋರು ಮಾರ್ಚಲ್ಲಿ ಹೂ ನೋಡಿ ಕೊಳ್ಳಬೇಡಿ, ಎರಡು ಮಳೆ ಬಿದ್ದ ಮೇಲೆ ಜೂನ್‌ನಲ್ಲಿ ಕೊಳ್ಳಿ. ಸಾವಿರ ರೂಪಾಯಿಗೆ ಮೂರು ಡೆಂಡ್ರೋಬಿಯಂ ಬರುತ್ತೆ. ಹೂವಿಗಿಂತ ಮೊದಲು ಕುಂಡ ಎತ್ತಿ ತೂತಿನಲ್ಲಿ ಬೇರಿನ ಮೊನೆ ನೋಡಿ. ಕಾಂಡಗಳಲ್ಲಿ ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ದಪ್ಪ, ಉದ್ದ ಇದ್ದರೆ ಮಾತ್ರ ದುಡ್ಡು ಕೊಡಿ.