ಶಾಲೆ ಆಫೀಸಿನಲ್ಲಿ ಕೆಲಸ ಬೇಕಾ? ಮೊದಲು ದಾಖಲಾತಿ ವಹಿ ಓದುವುದು ಕಲಿಯಿರಿ

ಶಾಲೆ ಆಫೀಸ್ ಕೆಲಸ ಅಂದರೆ ಫೀಸ್ ಎಣಿಸಿ ರಸೀದಿ ಹರಿದು ಕೊಡುವುದು ಅಂದುಕೊಂಡೇ ನಾನೂ ಸೇರಿದ್ದು. ಮೊದಲ ವರ್ಷವೇ ಎಸ್‌ಎಸ್‌ಎಲ್‌ಸಿ ನಾಮಿನಲ್ ರೋಲ್ (ಪರೀಕ್ಷೆ ಬರೆಯುವ ಮಕ್ಕಳ ವಿವರದ ಪಟ್ಟಿ) ತುಂಬುವಾಗ ಒಬ್ಬ ಹುಡುಗನ ಹುಟ್ಟಿದ ದಿನ 06-09 ಇದ್ದದ್ದನ್ನು 09-06 ಮಾಡಿಬಿಟ್ಟೆ. ಅಂಕಪಟ್ಟಿ ಕೈಗೆ ಬರುವ ತನಕ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಅರ್ಜಿ, ದಾಖಲಾತಿ ವಹಿಯ (ಅಡ್ಮಿಷನ್ ರಿಜಿಸ್ಟರ್) ನಕಲು, ಮುಖ್ಯ ಶಿಕ್ಷಕರ ಪತ್ರ ಅಂತ ಆ ಹುಡುಗನ ಅಪ್ಪ ಕೂಲಿ ಬಿಟ್ಟು ಮೂರು ಸಲ ಓಡಾಡಿದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೇ ವಾಸಿ ಇತ್ತು.

ಈಗ ಕೆಲಸ ಹುಡುಕುವ ವಿಷಯ. ಸರ್ಕಾರಿ ದಾರಿ ಬೇಕಾದರೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಬರೆಯಬೇಕು. ಮೊದಲನೆಯದಕ್ಕೆ ಪಿಯುಸಿ, ಎರಡನೆಯದಕ್ಕೆ ಡಿಗ್ರಿ. ಪಾಸಾದರೂ ಶಾಲೆಗೇ ಹಾಕುತ್ತಾರೆ ಅಂತ ಇಲ್ಲ, ಯಾವ ಇಲಾಖೆ ಸಿಗುತ್ತದೋ ಅದು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಂತೂ ಸಾಮಾನ್ಯವಾಗಿ ಗುಮಾಸ್ತರೇ ಇರುವುದಿಲ್ಲ, ಪಾಪ, ಮುಖ್ಯ ಶಿಕ್ಷಕರೇ ಪಾಠದ ಜೊತೆ ಅದನ್ನೂ ಎಳೆಯುತ್ತಾರೆ. ಬೇಗ ಕೆಲಸ ಬೇಕು ಅನ್ನುವವರಿಗೆ ಖಾಸಗಿ ಶಾಲೆಯೇ ದಾರಿ. ಪೇಪರಿನಲ್ಲಿ ಜಾಹೀರಾತು ಬರಲಿ ಅಂತ ಕಾಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬಯೋಡೇಟಾ ಹಿಡಿದು ನೇರವಾಗಿ ಹೋಗಿ, ಯಾಕೆಂದರೆ ಅಡ್ಮಿಷನ್ ಗಲಾಟೆ ಶುರುವಾಗಿ ಒಬ್ಬರಿಗೆ ಸುಧಾರಿಸಲು ಆಗದೆ ಅವರೂ ಯಾರಾದರೂ ಸಿಕ್ಕರೆ ಸಾಕು ಅಂತ ನೋಡುತ್ತಿರುತ್ತಾರೆ. ಸಂಬಳ ಶುರುವಿನಲ್ಲಿ ಕಡಿಮೆಯೇ. ಪಿಎಫ್ ಇದೆಯಾ, ಬೇಸಿಗೆ ರಜೆಯಲ್ಲಿ ಸಂಬಳ ಕೊಡುತ್ತೀರಾ ಅಂತ ಸಂಕೋಚ ಇಲ್ಲದೆ ಕೇಳಿ. ಮಕ್ಕಳಿಗೆ ರಜೆ ಇದ್ದಾಗಲೇ ನಮಗೆ ಕೆಲಸ ಜಾಸ್ತಿ, ಅದೂ ಗೊತ್ತಿರಲಿ.

ಕಂಪ್ಯೂಟರ್ ಬಗ್ಗೆ ಹೆದರಬೇಡಿ. ಎಕ್ಸೆಲ್ ಚೆನ್ನಾಗಿ ಬಂದರೆ ಸಾಕು, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಗೊತ್ತಿದ್ದರೆ ಲಾಭ. ಕನ್ನಡ ಟೈಪಿಂಗ್ ಮಾತ್ರ ಬರಲೇಬೇಕು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕಲಿಯಿರಿ, ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಹಳೇ ಫಾಂಟಿನಲ್ಲಿ ಮಾಡಿದ ಪತ್ರವನ್ನು ಮೇಲ್‌ಗೆ ಅಂಟಿಸಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವರಿಗೆ ಕಾಣುವುದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ.

ಸೇರಿದ ಮೇಲೆ ಮೊದಲ ವಾರ ಒಂದೇ ಕೆಲಸ ಮಾಡಿ. ಬೀರುವಿನಿಂದ ದಾಖಲಾತಿ ವಹಿ ತೆಗೆಸಿ, ಸುಮ್ನೆ ಕೂತು ಓದಿ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಜಾತಿ, ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಜನ್ಮದಿನ. ಟಿ.ಸಿ. (ವರ್ಗಾವಣೆ ಪತ್ರ), ವ್ಯಾಸಂಗ ಪ್ರಮಾಣ ಪತ್ರ, ಸ್ಯಾಟ್ಸ್ (ರಾಜ್ಯದ ಮಕ್ಕಳ ವಿವರ ಇರುವ ಆನ್‌ಲೈನ್ ವ್ಯವಸ್ಥೆ), ಯುಡೈಸ್ (ದೇಶದ ಶಾಲೆಗಳ ಮಾಹಿತಿ ವ್ಯವಸ್ಥೆ), ನಾಮಿನಲ್ ರೋಲ್, ಎಲ್ಲಕ್ಕೂ ಬೇರು ಇದೇ. ಮಂಜುನಾಥ ಅಂತ ಕನ್ನಡದಲ್ಲಿ ಬರೆಯುವುದು ಸುಲಭ. ಇಂಗ್ಲಿಷಿನಲ್ಲಿ ಕೊನೆಗೊಂದು 'ಎ' ಇದೆಯೋ ಇಲ್ಲವೋ, ಇನಿಷಿಯಲ್ ಮುಂದೋ ಹಿಂದೋ, ಅಲ್ಲೇ ಜಗಳ. ಆಧಾರ್‌ನಲ್ಲಿ ಒಂದು ಥರ, ವಹಿಯಲ್ಲಿ ಇನ್ನೊಂದು ಥರ ಇದ್ದರೆ ಅಪಾರ್ ಐಡಿ (ವಿದ್ಯಾರ್ಥಿಗೆ ಕೊಡುವ ಡಿಜಿಟಲ್ ಗುರುತಿನ ಸಂಖ್ಯೆ) ಮಾಡುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗಾಗಿ ಅಡ್ಮಿಷನ್ ದಿನವೇ ಜನನ ಪ್ರಮಾಣ ಪತ್ರ, ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು, ತಂದೆತಾಯಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಪರವಾಗಿಲ್ಲ.

ವಹಿಗೆ ವೈಟ್ನರ್ ಮುಟ್ಟಿಸಲೇಬೇಡಿ. ತಪ್ಪಾದರೆ ಮುಖ್ಯ ಶಿಕ್ಷಕರಿಗೆ ತಕ್ಷಣ ತೋರಿಸಿ, ಮುಚ್ಚಿಡಬೇಡಿ. ರಸೀದಿ ಕೆಟ್ಟರೂ ಅಷ್ಟೇ: ಹರಿದು ಎಸೆಯದೆ, ಎರಡೂ ಪ್ರತಿಯ ಮೇಲೆ ಅಡ್ಡಲಾಗಿ 'ರದ್ದು' ಅಂತ ಬರೆದು ಪುಸ್ತಕದಲ್ಲೇ ಬಿಡಿ. ಸಂಜೆ ದುಡ್ಡು ಮತ್ತು ನಗದು ಪುಸ್ತಕ ತಾಳೆಯಾಗದೆ ಮನೆಗೆ ಹೊರಡಬೇಡಿ. ಐವತ್ತು ರೂಪಾಯಿ ಕಡಿಮೆ ಬಂದರೆ ಜೇಬಿನಿಂದ ಹಾಕುವುದು ಸುಲಭ ಅನ್ನಿಸುತ್ತದೆ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

ಟಿ.ಸಿ. ವಿಷಯದಲ್ಲಿ ಒಂದು ಮಾತು. ಫೀಸ್ ಬಾಕಿ ಇದೆ, ಕೊಡಬೇಡಿ ಅಂತ ಮೇಲಿನವರು ಹೇಳಬಹುದು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 5ನೇ ಸೆಕ್ಷನ್ ಓದಿಟ್ಟುಕೊಂಡಿರಿ. ಸರ್ಕಾರಿ, ಅನುದಾನಿತ ಶಾಲೆಗೆ ಹೊರಟ ಎಂಟನೇ ಕ್ಲಾಸಿನೊಳಗಿನ ಮಗುವಿಗೆ ಟಿ.ಸಿ. ತಡ ಮಾಡದೆ ಕೊಡಬೇಕು ಅಂತಲೂ, ಅದು ತಡವಾಯಿತು ಅಂತ ಆ ಶಾಲೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ ಅಂತಲೂ ಅದರಲ್ಲಿದೆ. ಮೇಲಿನವರ ಜೊತೆ ಜಗಳ ಬೇಡ, ಆ ಪುಟದ ಜೆರಾಕ್ಸ್ ತೆಗೆದು ಮೆಲ್ಲಗೆ ಮೇಜಿನ ಮೇಲಿಡಿ, ಸಾಕು. ಕಾಗದದ ಟಿ.ಸಿ. ಕೊಟ್ಟ ದಿನವೇ ಸ್ಯಾಟ್ಸ್‌ನಲ್ಲೂ ಮಗುವನ್ನು ಬಿಡುಗಡೆ ಮಾಡಿ. ಇಲ್ಲದಿದ್ದರೆ ಹೊಸ ಶಾಲೆಯ ಗುಮಾಸ್ತರು ದಿನಾ ಫೋನ್ ಮಾಡುತ್ತಾರೆ, ಮಾಡಲೂ ಬೇಕು.